ಬರೆದಾಗಲೇ ಹಂಚುವುದೋ, ಓದುವಾಗ ಜೋಡಿಸುವುದೋ: ಸಾಮಾಜಿಕ ಜಾಲತಾಣ ಕಟ್ಟುವವರಿಗೆ ಆಯ್ಕೆಯ ಲೆಕ್ಕ

ಸಾಮಾಜಿಕ ಜಾಲತಾಣ ಎಂದರೆ ಹೊರಗಿನಿಂದ ನೋಡುವವರಿಗೆ ಬರಹ, ಚಿತ್ರ, ಲೈಕು. ಒಳಗೆ ಕೂತು ಕಟ್ಟುವವರಿಗೆ ಅದರಲ್ಲಿ ಒಂದು ಕೆಲಸ ಮಾತ್ರ ನಿಜವಾಗಿ ಕಷ್ಟದ್ದು: ಸದಸ್ಯರು ಆ್ಯಪ್ ತೆರೆದ ಕೂಡಲೇ ಅವರು ಹಿಂಬಾಲಿಸುವ ನೂರಾರು ಜನರ ಹೊಸ ಬರಹಗಳನ್ನು ಒಂದೇ ಪಟ್ಟಿಯಾಗಿ, ಕಾಯಿಸದೆ ತೋರಿಸುವುದು. ಈ ಪಟ್ಟಿಗೆ ಫೀಡ್ ಎನ್ನುತ್ತಾರೆ. ಒಬ್ಬೊಬ್ಬರ ಫೀಡ್ ಒಂದೊಂದು ಬಗೆ. ಸುದ್ದಿ ತಾಣದವರ ಹಾಗೆ ಒಂದು ಪುಟ ಮಾಡಿಟ್ಟು ಎಲ್ಲರಿಗೂ ಅದನ್ನೇ ಬಡಿಸಲು ಬರುವುದಿಲ್ಲ. ಯಾವ ಡೇಟಾಬೇಸ್, ಎಷ್ಟು ಮೆಮೊರಿ, ಎಷ್ಟು ಸರ್ವರ್ ಎಂಬ ಪ್ರಶ್ನೆಗಳೆಲ್ಲ ಬಹುಪಾಲು ಇದಕ್ಕೆ ನೀವು ಕೊಡುವ ಉತ್ತರದ ಮೇಲೆ ನಿಂತಿವೆ.

ಭಾಷೆ, ಫ್ರೇಮ್‌ವರ್ಕ್ ಬಗ್ಗೆ ಬೇಕಾದಷ್ಟು ಜಗಳ ನಡೆಯುತ್ತದೆ. ಫೇಸ್‌ಬುಕ್ ಶುರುವಾಗಿದ್ದು ಪಿಎಚ್‌ಪಿಯಲ್ಲಿ, ಟ್ವಿಟರ್ ರೂಬಿ ಆನ್ ರೈಲ್ಸ್‌ನಲ್ಲಿ, ಇನ್‌ಸ್ಟಾಗ್ರಾಂ ಪೈಥಾನಿನ ಜಾಂಗೋದಲ್ಲಿ. ನಿಮ್ಮ ತಂಡಕ್ಕೆ ಕೈ ಪಳಗಿದ್ದನ್ನು ಹಿಡಿಯಿರಿ. ಆ ಚರ್ಚೆ ಅಲ್ಲಿಗೆ ಸಾಕು.

ಎರಡು ದಾರಿಗಳು

ಮೊದಲ ದಾರಿ, ಬರೆದಾಗಲೇ ಹಂಚುವುದು. ಪೇಪರ್ ಹುಡುಗ ಬೆಳಗ್ಗೆ ಮನೆಮನೆಗೆ ಪತ್ರಿಕೆ ಹಾಕಿದ ಹಾಗೆ, ಒಬ್ಬರು ಬರೆದ ತಕ್ಷಣ ಆ ಬರಹದ ಸಂಖ್ಯೆಯನ್ನು ಅವರ ಎಲ್ಲ ಹಿಂಬಾಲಕರ ಪಟ್ಟಿಗೂ ಸೇರಿಸಿಬಿಡುತ್ತೀರಿ. ಓದುವಾಗ ಸಿದ್ಧ ಪಟ್ಟಿ ಎತ್ತಿಕೊಟ್ಟರೆ ಮುಗಿಯಿತು. ಎರಡನೆಯದು, ಓದುವಾಗ ಜೋಡಿಸುವುದು. ಬರಹ ಒಂದೇ ಕಡೆ ಇರುತ್ತದೆ. ಸದಸ್ಯರು ಬಂದು ಕೇಳಿದಾಗ ಅವರು ಯಾರನ್ನು ಹಿಂಬಾಲಿಸುತ್ತಾರೆ ಎಂದು ನೋಡಿ, ಅವರ ಬರಹಗಳನ್ನು ಹುಡುಕಿ, ಹೊಸದನ್ನು ಮೇಲಿಟ್ಟು ಕೊಡುತ್ತೀರಿ. ಮೊದಲನೆಯದರಲ್ಲಿ ಬರವಣಿಗೆ ದುಬಾರಿ, ಓದು ಅಗ್ಗ. ಎರಡನೆಯದರಲ್ಲಿ ತಿರುಗುಮುರುಗು.

2012ರ ನವೆಂಬರ್‌ನಲ್ಲಿ ಟ್ವಿಟರ್ ಬಹಿರಂಗಪಡಿಸಿದ ಅಂಕಿಗಳನ್ನು ನೋಡಿ. ಸೆಕೆಂಡಿಗೆ ಸರಾಸರಿ 4,600 ಹೊಸ ಟ್ವೀಟ್, ಮುಖ್ಯ ಫೀಡಿನ ಓದು ಸೆಕೆಂಡಿಗೆ 3 ಲಕ್ಷ. ಒಂದು ಟ್ವೀಟ್ ಸರಾಸರಿ 75 ಹಿಂಬಾಲಕರಿಗೆ ಹೋಗುತ್ತದೆ ಎಂದರೆ ಸೆಕೆಂಡಿಗೆ 3,45,000 ಸೇರ್ಪಡೆ. ಪಟ್ಟಿಗೊಂದು ಸಂಖ್ಯೆ ಸೇರಿಸುವುದು ಹಗುರ ಕೆಲಸ. ಪ್ರತಿ ಓದಿಗೂ ಹುಡುಕಿ ಜೋಡಿಸುವುದು ಭಾರದ ಕೆಲಸ. ಅಷ್ಟು ಓದಿನ ಮುಂದೆ ಹಂಚುವ ದಾರಿಯೇ ಗೆದ್ದಿತು. ಒಬ್ಬೊಬ್ಬರ ಪಟ್ಟಿಯಲ್ಲಿ 800 ಸಂಖ್ಯೆಗಳ ಮಿತಿಯಿಟ್ಟು ಅದನ್ನು ರೆಡಿಸ್ ಎಂಬ ಡೇಟಾಬೇಸಿನಲ್ಲಿ, ಅಂದರೆ ಪೂರ್ತಿ ಮೆಮೊರಿಯಲ್ಲಿ, ಇಟ್ಟುಕೊಂಡಿದ್ದರು.

ಈಗ ನಿಮ್ಮ ತಾಣದ ಲೆಕ್ಕ. 1 ಲಕ್ಷ ನೋಂದಾಯಿತರು, ದಿನಕ್ಕೆ ಬರುವವರು 20,000, ಒಬ್ಬೊಬ್ಬರದು ದಿನಕ್ಕೆ 1 ಬರಹ, ಸರಾಸರಿ 150 ಹಿಂಬಾಲಕರು, ಫೀಡ್ ತೆರೆಯುವುದು 10 ಸಲ ಎಂದಿಟ್ಟುಕೊಳ್ಳಿ. ಹಂಚುವ ದಾರಿಯಲ್ಲಿ ದಿನಕ್ಕೆ 30 ಲಕ್ಷ ಸೇರ್ಪಡೆ. 86,400 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ 35. ಜೋಡಿಸುವ ದಾರಿಯಲ್ಲಿ 2 ಲಕ್ಷ ಓದು, ಸೆಕೆಂಡಿಗೆ 2.3. ಸಂಜೆಯ ದಟ್ಟಣೆಗೆ ಐದು ಪಟ್ಟು ಹಿಡಿದರೆ 175 ಮತ್ತು 12. ಸೆಕೆಂಡಿಗೆ 12 ಓದು ಎಂದರೆ ಸಾಧಾರಣ ಸರ್ವರ್ ಒಂದರಲ್ಲಿ ಕೂತ ಮುಕ್ತ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೆ ಏನೂ ಭಾರವಿಲ್ಲ. ಹಂಚಲು ಹೊರಟರೆ ಕ್ಯೂ (ಕೆಲಸಗಳ ಸಾಲು) ಬೇಕು, ವರ್ಕರ್ (ಆ ಕೆಲಸ ಮಾಡುವ ಪ್ರೋಗ್ರಾಂ) ಬೇಕು, ರೆಡಿಸ್ ಬೇಕು, ಇವು ಮೂರೂ ಕೆಟ್ಟಾಗ ರಾತ್ರಿ ಎದ್ದು ನೋಡುವವರು ಬೇಕು. ಆದ್ದರಿಂದ ಈ ಗಾತ್ರದ ತಾಣಕ್ಕೆ ನಮ್ಮ ಸಲಹೆ ಸ್ಪಷ್ಟ: ಓದುವಾಗ ಜೋಡಿಸಿ. ದೊಡ್ಡ ಕಂಪನಿಗಳ ಇವತ್ತಿನ ವಿನ್ಯಾಸ ನೋಡಿ ಸಣ್ಣ ತಾಣ ಕಟ್ಟಲು ಹೊರಟ ತಂಡಗಳು ಮೊದಲ ವರ್ಷವನ್ನೆಲ್ಲ ಕ್ಯೂ ರಿಪೇರಿಯಲ್ಲೇ ಕಳೆಯುತ್ತವೆ, ಸದಸ್ಯರಿಗೆ ಬೇಕಾದದ್ದು ಮಾತ್ರ ಹಾಗೇ ಉಳಿಯುತ್ತದೆ.

ಜೋಡಿಸುವ ದಾರಿ ಎಲ್ಲಿ ಎಡವುತ್ತದೆ

ಬರಹಗಳ ಟೇಬಲ್‌ಗೆ ಬೇಕಾದ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಒಂದು: ಮೊದಲು ಲೇಖಕರ ಸಂಖ್ಯೆ, ನಂತರ ಬರಹದ ಸಂಖ್ಯೆ ಇಳಿಕೆಯ ಕ್ರಮದಲ್ಲಿ. ಹಿಂಬಾಲಿಸುವವರ ಟೇಬಲ್‌ಗೆ ಎರಡು: ಹಿಂಬಾಲಿಸುವವರು–ಹಿಂಬಾಲಿಸಲ್ಪಡುವವರು ಜೋಡಿ ಪ್ರೈಮರಿ ಕೀ (ಸಾಲನ್ನು ಗುರುತಿಸುವ ಕೀಲಿ) ಆಗಿ, ಅದರ ಉಲ್ಟಾ ಇನ್ನೊಂದು ಇಂಡೆಕ್ಸ್ ಆಗಿ. ಎರಡನೆಯದನ್ನು ಮರೆತರೆ 'ನನ್ನ ಹಿಂಬಾಲಕರು ಯಾರು' ಎಂಬ ಪುಟ ಇಡೀ ಟೇಬಲ್ ಜಾಲಾಡುತ್ತದೆ.

ಇಷ್ಟಿದ್ದರೂ ಒಂದು ಕಾಯಿಲೆ ತಡವಾಗಿ ಕಾಣಿಸಿಕೊಳ್ಳುತ್ತದೆ. 'ಈ 150 ಜನರ ಬರಹಗಳಲ್ಲಿ ಹೊಸ 20 ಕೊಡು' ಎಂದು ನೇರವಾಗಿ ಕೇಳಿದರೆ, ಪೋಸ್ಟ್‌ಗ್ರೆಸ್‌ನ ಪ್ಲಾನರ್ (ಹುಡುಕುವ ದಾರಿ ನಿರ್ಧರಿಸುವ ಭಾಗ) ಕೆಲವೊಮ್ಮೆ ಲೇಖಕರ ಇಂಡೆಕ್ಸ್ ಬಿಟ್ಟು, ಎಲ್ಲ ಬರಹಗಳನ್ನೂ ಹೊಸದರಿಂದ ಹಿಂದಕ್ಕೆ ಓದುತ್ತ 20 ಸಿಕ್ಕಾಗ ನಿಲ್ಲುತ್ತದೆ. ಬಹಳ ಜನರನ್ನು ಹಿಂಬಾಲಿಸುವವರಿಗೆ ಇದು ಮಿಂಚಿನಂತೆ ಓಡುತ್ತದೆ. ಆದರೆ ಅಪರೂಪಕ್ಕೆ ಬರೆಯುವ ನಾಲ್ಕೈದು ಜನರನ್ನಷ್ಟೇ ಹಿಂಬಾಲಿಸುವ ಹೊಸ ಸದಸ್ಯರಿಗೆ 20 ಬರಹ ಸಿಗುವ ಹೊತ್ತಿಗೆ ಲಕ್ಷಾಂತರ ಸಾಲು ದಾಟಿರುತ್ತದೆ. ಪರೀಕ್ಷೆಯಲ್ಲಿ ಎಲ್ಲ ಸರಿ. ತಾಣ ಬೆಳೆದ ಮೇಲೆ ಹೊಸಬರಿಗೆ ಮಾತ್ರ ಫೀಡ್ ತೆರೆಯುವುದಿಲ್ಲ, ಅವರು ದೂರು ಕೊಡದೆ ಸುಮ್ಮನೆ ಹೊರಟುಹೋಗುತ್ತಾರೆ. ಪರಿಹಾರ ಲ್ಯಾಟರಲ್ ಜಾಯಿನ್: ಪ್ರತಿ ಲೇಖಕರಿಂದ ಹೊಸ 20 ಮಾತ್ರ ಎತ್ತಿ, ಆ 150 × 20 = 3,000 ಸಾಲುಗಳನ್ನು ವಿಂಗಡಿಸಿ ಮೇಲಿನ 20 ಕೊಡುವುದು. ಕೆಲಸಕ್ಕೆ ಮೇಲ್ಮಿತಿ ಸಿಗುತ್ತದೆ: ಎಷ್ಟು ಜನರನ್ನು ಹಿಂಬಾಲಿಸುತ್ತಾರೋ ಅದರ 20 ಪಟ್ಟು ಸಾಲು, ಅದಕ್ಕಿಂತ ಹೆಚ್ಚಿಲ್ಲ.

ಪುಟ ಸರಿಸುವುದರಲ್ಲೂ ಆಯ್ಕೆಯಿದೆ. ಆಫ್‌ಸೆಟ್ ಕೊಟ್ಟು 'ಮೊದಲ 40 ಬಿಟ್ಟು ಮುಂದಿನ 20' ಎಂದರೆ, ಓದುವ ನಡುವೆ ಮೂರು ಹೊಸ ಬರಹ ಬಂದಾಗ ಪಟ್ಟಿ ಮೂರು ಸ್ಥಾನ ಕೆಳಗಿಳಿದು, ನೋಡಿದ ಬರಹವೇ ಮತ್ತೆ ಬರುತ್ತದೆ. ಬಿಟ್ಟ 40 ಸಾಲನ್ನೂ ಡೇಟಾಬೇಸ್ ಓದಿಯೇ ಬಿಡಬೇಕು, ಆಳಕ್ಕೆ ಹೋದಷ್ಟೂ ನಿಧಾನ. ಕೊನೆಗೆ ನೋಡಿದ ಬರಹದ ಸಂಖ್ಯೆ ಕಳಿಸಿ 'ಇದಕ್ಕಿಂತ ಹಳೆಯ 20' ಎಂದು ಕೇಳುವುದು ಸರಿ. ಇದರಲ್ಲಿ ಹಿಂಜರಿಯಲು ಏನೂ ಇಲ್ಲ.

ಹಂಚಲು ಶುರುಮಾಡುವುದು ಯಾವಾಗ, ಹೇಗೆ

ಇಂಡೆಕ್ಸ್ ಸರಿಯಿದ್ದು, ಲ್ಯಾಟರಲ್ ಹಾಕಿಯೂ, 100ರಲ್ಲಿ 95 ಓದುಗಳು 200 ಮಿಲಿಸೆಕೆಂಡಿನೊಳಗೆ ಮುಗಿಯುತ್ತಿಲ್ಲ ಎಂದು ವಾರಗಟ್ಟಲೆ ಅಳತೆ ತೋರಿಸಿದರೆ ಆಗ ಹಂಚುವ ದಾರಿ ಹಿಡಿಯಿರಿ. ಪಟ್ಟಿಯಲ್ಲಿ ಬರಹದ ಸಂಖ್ಯೆ ಮಾತ್ರ ಇಡಿ, ಬರಹವನ್ನೇ ಇಡಬೇಡಿ. ಬರಹ ಅಳಿಸಿದಾಗ, ಒಬ್ಬರನ್ನು ಬ್ಲಾಕ್ ಮಾಡಿದಾಗ ಸಾವಿರಾರು ಪಟ್ಟಿಗಳಿಂದ ಹೆಕ್ಕಿ ತೆಗೆಯುವ ಅಗತ್ಯವಿಲ್ಲ. 20 ತೋರಿಸಬೇಕಾದಲ್ಲಿ 30 ಸಂಖ್ಯೆ ಎತ್ತಿ, ಇಲ್ಲದವನ್ನೂ ತೋರಿಸಬಾರದವನ್ನೂ ಓದುವಾಗ ಬಿಟ್ಟುಬಿಡಿ.

ರೆಡಿಸ್‌ನಲ್ಲಿ ಪಟ್ಟಿಯನ್ನು ಎರಡು ಬಗೆಯಾಗಿ ಇಡಬಹುದು. ಸಾದಾ ಲಿಸ್ಟ್‌ನಲ್ಲಿ 64 ಬಿಟ್‌ನ 800 ಸಂಖ್ಯೆಗಳಿಗೆ 10 ಕೆಬಿಯೊಳಗೆ ಸಾಕು. ಸಾರ್ಟೆಡ್ ಸೆಟ್ (ಕ್ರಮವಾಗಿ, ಒಂದೊಂದನ್ನೂ ಒಮ್ಮೆಯೇ ಇಡುವ ಪಟ್ಟಿ) 128 ಸದಸ್ಯಗಳನ್ನು ದಾಟಿದರೆ ಒಳಗಿನ ರಚನೆ ಬದಲಾಗಿ ಒಂದೊಂದಕ್ಕೆ ಸುಮಾರು 100 ಬೈಟ್ ಹಿಡಿಯುತ್ತದೆ: 800ಕ್ಕೆ 80 ಕೆಬಿ, 20,000 ಜನಕ್ಕೆ 1.6 ಜಿಬಿ. ಇಷ್ಟಾದರೂ ನಾವು ಸಾರ್ಟೆಡ್ ಸೆಟ್ ಎನ್ನುತ್ತೇವೆ. ವರ್ಕರ್ ನಡುವೆ ಸತ್ತು ಅದೇ ಕೆಲಸ ಮತ್ತೆ ಓಡಿದಾಗ ಲಿಸ್ಟ್‌ನಲ್ಲಿ ಒಂದೇ ಬರಹ ಎರಡು ಸಲ ಕೂರುತ್ತದೆ. ಸಾರ್ಟೆಡ್ ಸೆಟ್‌ನಲ್ಲಿ ಎಷ್ಟು ಸಲ ಸೇರಿಸಿದರೂ ಒಂದೇ. ಮೆಮೊರಿ ಉಳಿಸಲು ಬೇರೆ ಉಪಾಯವಿದೆ: ಏಳು ದಿನದಿಂದ ಬಾರದವರಿಗೆ ಪಟ್ಟಿಯನ್ನೇ ಇಡಬೇಡಿ, ಬಂದಾಗ ಹಳೆಯ ಜೋಡಿಸುವ ದಾರಿಯಲ್ಲಿ ಕಟ್ಟಿಕೊಡಿ. ಸಾಮಾಜಿಕ ಜಾಲತಾಣದ ಮುಕ್ತ ತಂತ್ರಾಂಶವಾದ ಮ್ಯಾಸ್ಟೊಡಾನ್ ಮಾಡುವುದೂ ಇದನ್ನೇ. ಜೋಡಿಸುವ ಕೋಡನ್ನು ಎಂದೂ ಅಳಿಸಬಾರದು ಎನ್ನುವುದಕ್ಕೆ ಇದೊಂದು ಕಾರಣ. ರೆಡಿಸ್ ಬರಿದಾದ ದಿನ ತಾಣವನ್ನು ಉಳಿಸುವುದು ಅದೇ ಎಂಬುದು ಇನ್ನೊಂದು.

ಹಂಚುವ ಕೆಲಸವನ್ನು 1,000 ಹಿಂಬಾಲಕರಿಗೆ ಒಂದು ತುಂಡಿನಂತೆ ಕ್ಯೂಗೆ ಹಾಕಿ. ಮೊದಲ ಎರಡು ವಾರ ಪಟ್ಟಿ ಕಟ್ಟುತ್ತ ಹೋಗಿ, ತೋರಿಸುವುದು ಮಾತ್ರ ಹಳೆಯ ದಾರಿಯಲ್ಲೇ ಇರಲಿ. ಎರಡರ ಫಲಿತವನ್ನೂ ಹೋಲಿಸಿ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ವ್ಯತ್ಯಾಸ ನಿಂತ ಮೇಲೆ ಓದನ್ನು ತಿರುಗಿಸಿ.

ಹೆಸರುವಾಸಿಗಳ ಖಾತೆ ಬೇರೆಯೇ ಸಮಸ್ಯೆ. ಟ್ವಿಟರ್‌ನಲ್ಲಿ 2012ರಲ್ಲೇ ಕೆಲವರಿಗೆ 3 ಕೋಟಿ ಹಿಂಬಾಲಕರಿದ್ದರು. ಒಂದು ಟ್ವೀಟ್ ಎಂದರೆ 3 ಕೋಟಿ ಸೇರ್ಪಡೆ. ಹಂಚಿ ಮುಗಿಯುವ ಮುನ್ನವೇ ಪಟ್ಟಿಯ ಆರಂಭದಲ್ಲಿದ್ದವರು ಉತ್ತರ ಬರೆಯುತ್ತಾರೆ, ಕೊನೆಯಲ್ಲಿದ್ದವರಿಗೆ ಮೂಲಕ್ಕಿಂತ ಮೊದಲು ಉತ್ತರವೇ ಕಾಣಿಸುತ್ತದೆ. ಅದಕ್ಕಾಗಿ ಮಿಶ್ರ ದಾರಿ: ಅಂಥವರ ಬರಹವನ್ನು ಹಂಚದೆ, ಓದುವಾಗ ಸಿದ್ಧ ಪಟ್ಟಿಗೆ ಬೆರೆಸುವುದು. ನಿಮ್ಮಲ್ಲಿ 10,000 ಹಿಂಬಾಲಕರನ್ನು ಗಡಿಯಾಗಿಟ್ಟರೆ, ಹಿಂದಿರುಗುವ ಗಡಿಯನ್ನು 8,000ಕ್ಕೆ ಇಡಿ. ಎರಡೂ ಒಂದೇ ಆದರೆ 9,999 ಮತ್ತು 10,001ರ ನಡುವೆ ಓಲಾಡುವ ಖಾತೆಯ ಅರ್ಧ ಬರಹ ಪಟ್ಟಿಯಲ್ಲಿ, ಅರ್ಧ ಹೊರಗೆ ಎಂದಾಗುತ್ತದೆ. ಬೆರೆಸುವಾಗ ಒಂದೇ ಸಂಖ್ಯೆ ಎರಡು ಸಲ ಬಂದರೆ ಒಂದನ್ನು ತೆಗೆಯುವುದನ್ನೂ ಮರೆಯಬೇಡಿ.

ಕಾಲಾನುಕ್ರಮ ಬಿಟ್ಟು, ಯಾರಿಗೆ ಏನು ಇಷ್ಟವಾದೀತು ಎಂದು ಅಂಕ ಹಾಕಿ ಫೀಡ್ ತೋರಿಸುವ ಯೋಜನೆಯಿದ್ದರೆ ಹಂಚುವ ದಾರಿಯ ಲಾಭ ಕರಗುತ್ತದೆ. ಅಂಕ ಗಂಟೆಗಂಟೆಗೂ ಬದಲಾಗುವುದರಿಂದ ನಿನ್ನೆಯೇ ಕ್ರಮವಾಗಿಟ್ಟ ಪಟ್ಟಿಗೆ ಬೆಲೆಯಿಲ್ಲ. ಫೇಸ್‌ಬುಕ್ ಫೀಡ್ ಓದುವಾಗಲೇ ಹಲವು ಸರ್ವರ್‌ಗಳಿಗೆ ಒಟ್ಟಿಗೆ ಕೇಳಿ ಜೋಡಿಸುವುದು ಈ ಕಾರಣಕ್ಕೇ.

ಯಾವ ಡೇಟಾಬೇಸ್

ಸ್ನೇಹಸಂಬಂಧ ಎಂದ ಕೂಡಲೇ ಗ್ರಾಫ್ ಡೇಟಾಬೇಸ್ ನೆನಪಿಗೆ ಬರುತ್ತದೆ. ಬೇಕಿಲ್ಲ. ಫೇಸ್‌ಬುಕ್‌ನ ಟಾವೋ ಎಂಬ ವ್ಯವಸ್ಥೆ ಇಡೀ ಸಂಬಂಧಜಾಲವನ್ನು ವಸ್ತುಗಳು ಮತ್ತು ಅವುಗಳ ನಡುವಿನ ನಂಟುಗಳಾಗಿ ಇಡುತ್ತದೆ, ತಳದಲ್ಲಿ ಇರುವುದು ಮೈಎಸ್‌ಕ್ಯುಎಲ್. 2013ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಬಂದ ಕೋರಿಕೆಗಳಲ್ಲಿ ಶೇ 99.8 ಓದು, ಬರವಣಿಗೆ ಶೇ 0.2 ಮಾತ್ರ. ಸ್ನೇಹಿತರ ಸ್ನೇಹಿತರನ್ನು ಸೂಚಿಸಲು 150 × 150 = 22,500 ಸಾಲು ನೋಡಬೇಕು; ಪುಟ ತೆರೆದಾಗ ಮಾಡದೆ ರಾತ್ರಿ ಒಮ್ಮೆ ಲೆಕ್ಕ ಹಾಕಿಟ್ಟರೆ ಸಾಲದೇ?

ಹಲವು ಯಂತ್ರಗಳಲ್ಲಿ ಹರಡಿ ಓಡುವ ಕಸ್ಸಾಂಡ್ರದಂಥ ಡೇಟಾಬೇಸುಗಳು ಹುಟ್ಟಿದ್ದು ಬೇರೆ ಹಸಿವಿಗೆ. ಬರೆದದ್ದನ್ನು ತಿದ್ದುವುದು ಕಡಿಮೆ, ಓದುವುದು ಯಾವಾಗಲೂ 'ಈ ಕೋಣೆಯ ಇತ್ತೀಚಿನ 50 ಸಂದೇಶ' ಎಂಬ ಒಂದೇ ರೀತಿ, ಗಾತ್ರ ಮಾತ್ರ ಕೋಟಿಗಟ್ಟಲೆ, ಹೀಗಿದ್ದಾಗ ಅವು ಒಪ್ಪುತ್ತವೆ. ಚಾಟ್ ತಾಣ ಡಿಸ್ಕಾರ್ಡ್ 2015ರಲ್ಲಿ ಸಂದೇಶಗಳು 10 ಕೋಟಿ ತಲುಪಿದ ಮೇಲೆ ಮೊಂಗೋಡಿಬಿ ಬಿಟ್ಟು ಕಸ್ಸಾಂಡ್ರಕ್ಕೆ ಹೋಯಿತು, ನಂತರ 177 ಕಸ್ಸಾಂಡ್ರ ನೋಡ್‌ಗಳನ್ನು ಬಿಟ್ಟು 72 ಸಿಲ್ಲಾಡಿಬಿ ನೋಡ್‌ಗಳಿಗೆ ಬಂತು. 10 ಕೋಟಿ ಸಾಲಿನವರೆಗೆ ಒಂದು ಪೋಸ್ಟ್‌ಗ್ರೆಸ್ ಆರಾಮವಾಗಿ ಹೊರುತ್ತದೆ. 2012ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಇನ್‌ಸ್ಟಾಗ್ರಾಂ ಕೊಂಡಾಗ ಅಲ್ಲಿದ್ದವರು 13 ಮಂದಿ, ಬಳಕೆದಾರರು ಸುಮಾರು 3 ಕೋಟಿ, ಡೇಟಾಬೇಸ್ ಪೋಸ್ಟ್‌ಗ್ರೆಸ್.

ಮುಂದೆಂದೋ ಡೇಟಾಬೇಸನ್ನು ಹಲವು ಭಾಗಗಳಾಗಿ ಒಡೆಯಬೇಕಾದೀತು ಎಂಬ ಚಿಂತೆಯಿದ್ದರೆ ಇವತ್ತೇ ಮಾಡಬೇಕಾದದ್ದು ಬರಹದ ಸಂಖ್ಯೆ ಸರಿಯಾಗಿ ಆರಿಸುವುದು. ಟ್ವಿಟರ್‌ನ ಸ್ನೋಫ್ಲೇಕ್ ಸಂಖ್ಯೆಯಲ್ಲಿ 41 ಬಿಟ್ ಸಮಯ, 10 ಬಿಟ್ ಯಂತ್ರ, 12 ಬಿಟ್ ಕ್ರಮಾಂಕ. ಇನ್‌ಸ್ಟಾಗ್ರಾಂ ತನ್ನದನ್ನು 41 ಬಿಟ್ ಸಮಯ, 13 ಬಿಟ್ ಭಾಗ, 10 ಬಿಟ್ ಕ್ರಮಾಂಕ ಎಂದು ಪೋಸ್ಟ್‌ಗ್ರೆಸ್‌ನ ಒಳಗೇ ತಯಾರಿಸಿತು. ಮಿಲಿಸೆಕೆಂಡಿನಲ್ಲಿ 41 ಬಿಟ್ ಎಂದರೆ 69 ವರ್ಷ ಸಾಕಾಗುವಷ್ಟು. ಸಮಯ ಮೊದಲಿರುವುದರಿಂದ ಸಂಖ್ಯೆಯ ಕ್ರಮವೇ ಕಾಲದ ಕ್ರಮ. ಹಳೆಯ ಬಗೆಯ, ಯಾದೃಚ್ಛಿಕ ಗುರುತುಸಂಖ್ಯೆಯಾದ ಯುಯುಐಡಿ 4 ಇಂಡೆಕ್ಸ್‌ನ ಎಲ್ಲೆಂದರಲ್ಲಿ ಬಿದ್ದು ಡಿಸ್ಕ್ ಕೆಲಸ ಹೆಚ್ಚಿಸುತ್ತದೆ. 2024ರಲ್ಲಿ ಪ್ರಮಾಣೀಕೃತವಾದ ಯುಯುಐಡಿ 7 ಈ ದೋಷ ಕಳೆದಿದೆ. 64 ಬಿಟ್ ಸಂಖ್ಯೆ ಬಳಸಿದರೆ ಬ್ರೌಸರ್‌ಗೆ ಅದನ್ನು ಅಕ್ಷರಸರಣಿಯಾಗಿಯೇ ಕಳಿಸಿ. ಜಾವಾಸ್ಕ್ರಿಪ್ಟ್ ಪೂರ್ಣಾಂಕವನ್ನು 2ರ 53ನೇ ಘಾತದವರೆಗೆ ಮಾತ್ರ ನಿಖರವಾಗಿ ಹಿಡಿಯುತ್ತದೆ. ಅದರಾಚೆ ಕೊನೆಯ ಅಂಕಿಗಳು ಬದಲಾಗಿ, ಒಂದು ಬರಹಕ್ಕೆ ಒತ್ತಿದ ಲೈಕು ಇಲ್ಲದ ಬರಹಕ್ಕೆ ಹೋಗುತ್ತದೆ.

ಲೈಕುಗಳಿಗೆ ಸದಸ್ಯರು–ಬರಹ ಜೋಡಿಯ ಮೇಲೆ ಯುನೀಕ್ ನಿರ್ಬಂಧ (ಒಂದೇ ಜೋಡಿ ಎರಡು ಸಲ ಸೇರದಂತೆ ತಡೆ) ಕಡ್ಡಾಯ. ಎಣಿಕೆಯನ್ನು ಬರಹದ ಸಾಲಿನಲ್ಲೇ ಇಟ್ಟರೆ ಪ್ರತಿ ಲೈಕಿಗೂ ಪೋಸ್ಟ್‌ಗ್ರೆಸ್ ಆ ಸಾಲಿನ ಹೊಸ ಪ್ರತಿ ಬರೆಯುತ್ತದೆ, ಹಳೆಯ ಪ್ರತಿ ಕಸವಾಗಿ ಉಳಿಯುತ್ತದೆ. ಎಣಿಕೆಗೆ ಸಣ್ಣದೊಂದು ಬೇರೆ ಟೇಬಲ್ ಮಾಡಿ.

ಕ್ಯಾಶ್ (ಪದೇಪದೇ ಬೇಕಾಗುವುದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು) ಹಾಕುವವರು ಒಂದು ಅಪಾಯ ತಿಳಿದಿರಲಿ. ಎಲ್ಲರೂ ನೋಡುತ್ತಿರುವ ಬರಹದ ಕ್ಯಾಶ್ ಅವಧಿ ಮುಗಿದ ಕ್ಷಣ ನೂರಾರು ಕೋರಿಕೆಗಳು ಒಮ್ಮೆಗೇ ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ. ಫೇಸ್‌ಬುಕ್ ಇದಕ್ಕೆ ಲೀಸ್ ಎಂಬ ಉಪಾಯ ಮಾಡಿತು: ಮೊದಲು ಬಂದವರಿಗೆ ಚೀಟಿ ಕೊಟ್ಟು ಡೇಟಾಬೇಸ್‌ಗೆ ಕಳಿಸುವುದು, ಉಳಿದವರು ಸ್ವಲ್ಪ ಕಾಯುವುದು. ಅವರ ಅಳತೆಯಲ್ಲಿ ಡೇಟಾಬೇಸ್ ಮೇಲಿನ ಗರಿಷ್ಠ ಹೊರೆ ಸೆಕೆಂಡಿಗೆ 17,000 ಇದ್ದದ್ದು 1,300ಕ್ಕೆ ಇಳಿಯಿತು.

ಚಿತ್ರಗಳು, ಸೂಚನೆಗಳು

ಚಿತ್ರ ಡೇಟಾಬೇಸ್‌ನಲ್ಲಿ ಬೇಡ, ಕಡತಗಳನ್ನಿಡುವ ಪ್ರತ್ಯೇಕ ಸೇವೆಯಾದ ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಇರಲಿ. ಸ್ವಂತ ಡಿಸ್ಕಿನಲ್ಲಿ ಇಡುವ ಆಸೆಯಿದ್ದರೆ ಫೇಸ್‌ಬುಕ್‌ನ ಅನುಭವ ನೋಡಿ: 2010ರಲ್ಲಿ ಹೇಸ್ಟ್ಯಾಕ್ ಎಂಬ ತಮ್ಮ ಚಿತ್ರಸಂಗ್ರಹದ ಬಗ್ಗೆ ಬರೆದಾಗ ಅವರ ಬಳಿ 26,000 ಕೋಟಿ ಚಿತ್ರಕಡತಗಳಿದ್ದವು. ಪೆಟ್ಟು ಕೊಟ್ಟಿದ್ದು ಚಿತ್ರದ ಗಾತ್ರಕ್ಕಿಂತ, ಕಡತ ಎಲ್ಲಿದೆ ಎಂದು ಹುಡುಕುವ ಮಾಹಿತಿಯ ಓದು. ಒಂದು ದೊಡ್ಡ ಕಡತದೊಳಗೆ ಸಾಲಾಗಿ ಚಿತ್ರಗಳನ್ನಿಟ್ಟು, ಸ್ಥಾನದ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಒಂದೇ ಓದಿಗೆ ಇಳಿಸಿದರು. ಸಣ್ಣ ತಾಣದಲ್ಲಿ ಕಾಡುವ ತಪ್ಪು ಇನ್ನೊಂದಿದೆ. ಫೋನಿನ ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು, ಅದನ್ನು ಅಳಿಸಲೇಬೇಕು. ಆದರೆ ಚಿತ್ರ ಯಾವ ಕಡೆಗೆ ತಿರುಗಿದೆ ಎಂಬುದೂ ಅಲ್ಲೇ ಇರುತ್ತದೆ. ಮೊದಲು ತಿರುಗಿಸಿ ಆಮೇಲೆ ಅಳಿಸಿ. ಕ್ರಮ ತಪ್ಪಿದರೆ ನೆಟ್ಟಗೆ ತೆಗೆದ ಚಿತ್ರಗಳು ಅಡ್ಡ ಮಲಗುತ್ತವೆ.

ಹೊಸ ಸೂಚನೆ ತೋರಿಸಲು 30 ಸೆಕೆಂಡಿಗೊಮ್ಮೆ ಕೇಳುವುದು ಸರಳ. 5,000 ಮಂದಿ ಒಟ್ಟಿಗಿದ್ದರೆ ಸೆಕೆಂಡಿಗೆ 167 ಕೋರಿಕೆ. ಅದು ಭಾರವೆನಿಸಿದರೆ ಸರ್ವರ್‌ನಿಂದ ಒಮ್ಮುಖವಾಗಿ ಹರಿಯುವ ಎಸ್‌ಎಸ್‌ಇ ಸಾಕು. ಇಬ್ಬರೂ ಮಾತಾಡುವ ಚಾಟ್ ಇದ್ದರಷ್ಟೇ ಇಮ್ಮುಖದ ವೆಬ್‌ಸಾಕೆಟ್. ಎಸ್‌ಎಸ್‌ಇ ಬಳಸುವಾಗ ಮುಂದಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಪ್ರಾಕ್ಸಿ ಬಫರಿಂಗ್ (ಉತ್ತರವನ್ನು ಕೂಡಿಟ್ಟು ಕಳಿಸುವ ರೀತಿ) ನಿಲ್ಲಿಸಿ, 60 ಸೆಕೆಂಡ್ ಮೌನಕ್ಕೆ ಅದು ಸಂಪರ್ಕ ಕಡಿಯುವುದರಿಂದ 20 ಸೆಕೆಂಡಿಗೊಂದು ಖಾಲಿ ಸಾಲು ಕಳಿಸಿ. ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ತಾಣಕ್ಕೆ ಆರೇ ಸಂಪರ್ಕ ಕೊಡುತ್ತದೆ, ಏಳನೇ ಟ್ಯಾಬ್ ತೆರೆದವರಿಗೆ ಪುಟವೇ ಬರುವುದಿಲ್ಲ. ಎಚ್‌ಟಿಟಿಪಿ 2 ಇಟ್ಟುಕೊಳ್ಳಿ.

ಕನ್ನಡ ಬರೆಯುವವರ ತಾಣವಾದರೆ

ಇಲ್ಲಿ ಸಿದ್ಧ ಸಲಕರಣೆಗಳು ಅರ್ಧಕ್ಕೇ ಕೈಬಿಡುತ್ತವೆ. 'ಕ್ಷಿ' ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತ, ಯುಟಿಎಫ್ 8ರಲ್ಲಿ 12 ಬೈಟ್. 280 ಎಂದು ಮಿತಿ ಹಾಕುವ ಮುನ್ನ ಏನನ್ನು ಎಣಿಸುತ್ತೀರಿ ಎಂದು ನಿರ್ಧರಿಸಿ. ಇಂಗ್ಲಿಷ್‌ಗೆ ಧಾರಾಳವಾದ ಮಿತಿ ಕನ್ನಡಕ್ಕೆ ಬಿಗಿ. ಮುನ್ನೋಟಕ್ಕೆ ಬರಹ ಕತ್ತರಿಸುವಾಗ ಸಂಕೇತ ಎಣಿಸಿ ಕತ್ತರಿಸಿದರೆ ಒತ್ತಕ್ಷರ ಕಳಚಿ ಪದ ಅರ್ಧಾಕ್ಷರದಲ್ಲಿ ನಿಲ್ಲುತ್ತದೆ. ಪದಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಕತ್ತರಿಸಿ. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಅಕ್ಷರಗಣ ಮೂರು ಬೈಟಿನದು: ಕನ್ನಡ ಹಿಡಿಸುತ್ತದೆ, ನಾಲ್ಕು ಬೈಟಿನ ಎಮೋಜಿ ಹಿಡಿಸುವುದಿಲ್ಲ. ಯುಟಿಎಫ್8ಎಂಬಿ4 ಆರಿಸಿ.

'ಕೊ'ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹಾಗೇ ಬಿಟ್ಟರೆ ಹುಡುಕಾಟ ತಪ್ಪುತ್ತದೆ, ಇನ್ನೂ ಕೆಟ್ಟದ್ದೆಂದರೆ ಒಂದೇ ರೀತಿ ಕಾಣುವ ಹೆಸರಿನಲ್ಲಿ ಇಬ್ಬರು ಖಾತೆ ತೆರೆಯಬಹುದು. ಬಂದ ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಯೂನಿಕೋಡ್ ಏಕರೂಪಕ್ಕೆ ತಂದೇ ಉಳಿಸಿ. 'ಸಾಫ್ಟ್‌ವೇರ್' ಪದದ ನಡುವಿನಂಥ ಕಾಣದ ಜೋಡಣೆ–ವಿಂಗಡಣೆಯ ಸಂಕೇತಗಳನ್ನು ಬರಹದಲ್ಲಿ ಉಳಿಸಿಕೊಳ್ಳಿ, ಹುಡುಕುವ ಇಂಡೆಕ್ಸ್‌ನಲ್ಲಿ ತೆಗೆಯಿರಿ, ಹೆಸರಿನಲ್ಲಿ ಹೋಲಿಸುವಾಗಲೂ ತೆಗೆಯಿರಿ.

ಪೋಸ್ಟ್‌ಗ್ರೆಸ್‌ನ ಪಠ್ಯ ಹುಡುಕಾಟಕ್ಕೆ ಹಿಂದಿ, ತಮಿಳು, ನೇಪಾಳಿಯ ಪದಮೂಲ ತಿಳಿಯುವ ಘಟಕಗಳಿವೆ, ಕನ್ನಡಕ್ಕೆ ಇಲ್ಲ. 'ಬೆಂಗಳೂರು' ಎಂದು ಹುಡುಕಿದವರಿಗೆ 'ಬೆಂಗಳೂರಿನಲ್ಲಿ' ಸಿಗದು. ಸರಳ ಮದ್ದು: ಹುಡುಕುವ ಪದ ಉಕಾರದಲ್ಲಿ ಮುಗಿದರೆ ಅದನ್ನು ಕಳೆದು, ಉಳಿದದ್ದರಿಂದ ಶುರುವಾಗುವ ಪದಗಳನ್ನೆಲ್ಲ ಕೊಡುವುದು. ಬೇರೆ ಸ್ವರಗಳನ್ನು ಕಳೆಯಬೇಡಿ. 'ಮನೆ'ಯ ಎಕಾರ ತೆಗೆದರೆ 'ಮನಸ್ಸು' ಕೂಡ ಬಂದು ಕೂರುತ್ತದೆ. ಪದ ಒಡೆಯುವ ರೀತಿ ಲೊಕೇಲ್ (ಭಾಷೆ, ಪ್ರದೇಶದ ಹೊಂದಿಕೆ) ಮೇಲೆ ನಿಂತಿರುವುದರಿಂದ ಸ್ವರಚಿಹ್ನೆಯ ಬಳಿ ಪದ ತುಂಡಾಗುತ್ತಿದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಸ್ವಂತ ಕೋಡೋ, ಸಿದ್ಧ ತಂತ್ರಾಂಶವೋ

ನಿಮಗೆ ಬೇಕಿರುವುದು ಬರೆಯುವುದು, ಹಿಂಬಾಲಿಸುವುದು, ಹಂಚಿಕೊಳ್ಳುವುದು ಇಷ್ಟೇ ಆದರೆ ಮ್ಯಾಸ್ಟೊಡಾನ್ ಹಾಕಿ ಎನ್ನುತ್ತೇವೆ. 2016ರಲ್ಲಿ ಬಂದ ಇದು ರೈಲ್ಸ್, ಪೋಸ್ಟ್‌ಗ್ರೆಸ್, ರೆಡಿಸ್, ಹಿನ್ನೆಲೆ ಕೆಲಸಕ್ಕೆ ಸೈಡ್‌ಕಿಕ್ ಸೇರಿ ಆದದ್ದು. ಮೇಲೆ ಹೇಳಿದ ಹಂಚುವ ದಾರಿ ಅದರಲ್ಲಿ ಸಿದ್ಧವಾಗಿದೆ. ಆ್ಯಕ್ಟಿವಿಟಿಪಬ್ ಎಂಬ ಸಮಾನ ಭಾಷೆಯಿಂದ ಇತರ ತಾಣಗಳ ಸದಸ್ಯರೂ ನಿಮ್ಮವರನ್ನು ಹಿಂಬಾಲಿಸಬಹುದು. ಬೆಂಗಳೂರಿನ ಕೂ ಎಂಬ ಜಾಲತಾಣ 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಗಿ 2024ರ ಜುಲೈನಲ್ಲಿ ಮುಚ್ಚಿತು. ಒಂದು ತಾಣ ನಿಂತರೂ ಸದಸ್ಯರು ಹಿಂಬಾಲಕರನ್ನು ಕಳೆದುಕೊಳ್ಳದೆ ಬೇರೆಡೆಗೆ ಹೋಗುವ ದಾರಿ ಇರಬೇಕು ಎನ್ನುವವರಿಗೆ ಮ್ಯಾಸ್ಟೊಡಾನಿನಲ್ಲಿ ಖಾತೆಯನ್ನು ಬೇರೆ ತಾಣಕ್ಕೆ ಸಾಗಿಸುವ ಸೌಲಭ್ಯ ದೊಡ್ಡದು, ತಾಣ ನಿಲ್ಲಿಸುವ ಮುನ್ನ ಅವರಿಗೆ ಕಾಲಾವಕಾಶ ಕೊಟ್ಟರೆ.

ಊರಿನ ಮಾರುಕಟ್ಟೆ, ಪಾಠ, ಹಣಪಾವತಿ ಹೀಗೆ ಬೇರೆ ಕೆಲಸವೇ ಮುಖ್ಯವಾಗಿದ್ದು ಜೊತೆಗೆ ಫೀಡ್ ಬೇಕಿದ್ದರೆ ಸ್ವಂತ ಕೋಡ್ ಬರೆಯಿರಿ. ಆಗ ದೂರು, ತೆಗೆದುಹಾಕುವಿಕೆಯ ಟೇಬಲ್‌ಗಳನ್ನು ಮೊದಲ ದಿನವೇ ಮಾಡಿ. ಭಾರತದ 2021ರ ಐಟಿ ನಿಯಮಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಲು ಹೇಳುತ್ತವೆ, ತೆಗೆದ ವಿಷಯವನ್ನು ತನಿಖೆಗಾಗಿ 180 ದಿನ ಉಳಿಸಿಕೊಳ್ಳಲೂ ಹೇಳುತ್ತವೆ. ಡಿಲೀಟ್ ಎಂದರೆ ಸಾಲನ್ನೇ ಅಳಿಸುವ ಕೋಡ್ ಬರೆದವರು ನಂತರ ಎಲ್ಲ ಕಡೆ ತಿದ್ದಬೇಕಾಗುತ್ತದೆ.

ಮ್ಯಾಸ್ಟೊಡಾನ್ ಆರಿಸಿದವರು ಮೂರು ವಿಷಯ ಗಮನಿಸಿ. ಹೊರ ತಾಣಗಳ ಚಿತ್ರಗಳ ನಕಲು ನಿಮ್ಮ ಡಿಸ್ಕಿನಲ್ಲಿ ಕೂಡುತ್ತ ಹೋಗುತ್ತದೆ. ಏಳು ದಿನಕ್ಕಿಂತ ಹಳೆಯದನ್ನು ದಿನವೂ ತೆಗೆಯುವ ಆದೇಶ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಇರಲಿ. ಸೈಡ್‌ಕಿಕ್‌ನ ಎಳೆಗಳ ಸಂಖ್ಯೆ ಹೆಚ್ಚಿಸಿದರೆ ಡೇಟಾಬೇಸ್ ಸಂಪರ್ಕದ ಪೂಲ್ ಕೂಡ ಅಷ್ಟೇ ಹೆಚ್ಚಬೇಕು, ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100 ಸಂಪರ್ಕ. ಅದನ್ನು ದಾಟುವ ಮುನ್ನ ಸಂಪರ್ಕಗಳನ್ನು ಹಂಚಿ ಬಳಸುವ ಪಿಜಿಬೌನ್ಸರ್ ನಡುವೆ ಇಡಿ. ಡೊಮೇನ್ ಹೆಸರನ್ನು ಮಾತ್ರ ಮನೆಮಂದಿಯೆಲ್ಲ ಕೂತು ಯೋಚಿಸಿ ಆರಿಸಿ. ಸದಸ್ಯರ ಗುರುತು ಆ ಹೆಸರಿನೊಂದಿಗೇ ಲೋಕದ ಉಳಿದ ಸರ್ವರ್‌ಗಳಲ್ಲಿ ದಾಖಲಾಗುವುದರಿಂದ, ಒಮ್ಮೆ ಶುರುವಾದ ಮೇಲೆ ಅದನ್ನು ಬದಲಿಸಲು ಆಗುವುದಿಲ್ಲ.